ಕಟ್ಟಿಸಿದವರು, ಕಟ್ಟಿದವರು

ಮೈಸೂರಿನ ಚಿಕ್ಕಗಡಿಯಾರದ ಹತ್ತಿರ ಎರಡು ಹಳೆಯ ಕಟ್ಟಡಗಳಿವೆ. ಒಂದು ಲ್ಯಾನ್ಸ್‌ಡೌನ್ ಕಟ್ಟಡ, ಇನ್ನೊಂದು ದೇವರಾಜ ಮಾರುಕಟ್ಟೆ. ಇವುಗಳನ್ನು ಉಳಿಸಬೇಕು, ಕೆಡವಬೇಕು ಎಂದು ವರ್ಷಗಟ್ಟಲೆ ಬಂದ ಲೇಖನಗಳನ್ನು ನಾವು ಒಟ್ಟಿಗೆ ಕೂತು ಓದಿದೆವು. ಉಳಿಸಿ ಅನ್ನುವವರು, ಕೆಡವಿ ಅನ್ನುವವರು ಇಬ್ಬರೂ ಒಂದೇ ಕ್ರಿಯಾಪದ ಬಳಸುತ್ತಾರೆ: 'ಕಟ್ಟಿಸಿದರು'. ವೈಸ್‌ರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಮಹಾರಾಜರು ಕಟ್ಟಿಸಿದರು. ಮಾರುಕಟ್ಟೆಯನ್ನೂ ಮಹಾರಾಜರೇ ಕಟ್ಟಿಸಿದರು.

ಕನ್ನಡ ವ್ಯಾಕರಣ ಬಲ್ಲ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಡಬೇಕು. ಕಟ್ಟುವವನು ಬೇರೆ, ಕಟ್ಟಿಸುವವನು ಬೇರೆ. ನಡುವಿನ ಆ 'ಇಸು' ಅನ್ನೋ ಎರಡಕ್ಷರದಲ್ಲಿ ನಮ್ಮ ಜನರ ಬೆವರೆಲ್ಲ ಇಂಗಿಹೋಗಿದೆ. ಸುಣ್ಣ ಸುಟ್ಟವರು ಯಾರು? ಗಾಣದಲ್ಲಿ ಗಾರೆ ಅರೆದವರು ಯಾರು? ತಲೆಯ ಮೇಲೆ ಸಿಂಬೆ ಇಟ್ಟು ಇಟ್ಟಿಗೆ ಹೊತ್ತ ಹೆಂಗಸರು ಯಾರು? ಈ ನಾಡಿನಲ್ಲಿ ಕಲ್ಲು ಒಡೆಯುವ ಕೆಲಸ ಯಾವ ಜಾತಿಗಳ ಹೆಗಲಿಗೆ ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ವೈಸ್‌ರಾಯ್ ಬಂದು ಹೋದದ್ದಕ್ಕೆ ಕಟ್ಟಡವೇ ನೆನಪು. ಕಟ್ಟಿದವರ ನೆನಪಿಗೆ ಒಂದು ಕಲ್ಲಿನ ಮೇಲೆ ಒಂದು ಗೆರೆಯೂ ಇಲ್ಲ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲಿನ ಲೇಖನಗಳಲ್ಲಿ ಕಮಾನುಗಳಿಗಾಗಿ ಅತ್ತವರು ಬಹಳ. ಸತ್ತವರಿಗೆ ಸಿಕ್ಕಿದ್ದು 'ನಾಲ್ವರು' ಅನ್ನೋ ಒಂದು ಅಂಕಿ ಮಾತ್ರ. ಕಮಾನಿನ ಶೈಲಿಯನ್ನು ಒಂದು ಪುಟ ವರ್ಣಿಸಬಲ್ಲ ಪೆನ್ನಿಗೆ, ಅದರ ಕೆಳಗೆ ಸಿಕ್ಕಿ ಸತ್ತವರಿಗೆ ಒಂದು ಸಾಲು ಬರೆಯಲು ಶಾಯಿ ಸಾಲಲಿಲ್ಲವೆ? ಇದನ್ನು ಪರಂಪರೆಯ ಪ್ರೀತಿ ಅನ್ನುವುದಾದರೆ ಆ ಪ್ರೀತಿ ಗೋಡೆಯ ಮೇಲೆ ಮಾತ್ರ ಇದೆ, ಮನುಷ್ಯರ ಮೇಲಿಲ್ಲ.

ಕೆಡವಿ ಅನ್ನುವವರ ಮಾತೂ ನೆಟ್ಟಗಿಲ್ಲ. 2016ರಲ್ಲಿ ಮಾರುಕಟ್ಟೆಯ ಉತ್ತರ ಬಾಗಿಲ ಕಡೆ ಒಂದು ಭಾಗ ಬಿತ್ತು. ತಜ್ಞರ ಸಮಿತಿಗಳು ಒಂದಕ್ಕೊಂದು ತಾಳೆಯಾಗದ ವರದಿ ಕೊಟ್ಟವು. 2023ರಲ್ಲಿ ಹೈಕೋರ್ಟು ಕೆಡವುವುದಕ್ಕೆ ದಾರಿ ಬಿಟ್ಟಿತು. 'ಹಳತಾಗಿದೆ, ಅದಕ್ಕೇ ಬೀಳುತ್ತೆ' ಎಂಬುದು ವಾದ. ಹಳೆಯದು ತಾನಾಗಿ ಬೀಳೋದಿಲ್ಲ ಸ್ವಾಮೀ. ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಾಗ ಕೀಳದೆ, ತಾರಸಿಯಲ್ಲಿ ಮಳೆನೀರು ನಿಂತಾಗ ನೋಡದೆ, ಗಾರೆ ಗೋಡೆಗೆ ಸಿಮೆಂಟು ಮೆತ್ತಿ ಒಳಗಿನ ತೇವ ಹೊರಗೆ ಬಾರದಂತೆ ಮಾಡಿದರೆ ಎಂಥ ಕಟ್ಟಡವಾದರೂ ಕೂರುತ್ತದೆ. ನಮ್ಮ ಕೇರಿಯ ಮನೆಗಳು ಹೇಗೆ ಬೀಳುತ್ತವೆ ಎಂದು ನೋಡಿದವರಿಗೆ ಇದು ಹೊಸದಲ್ಲ. ಮೊದಲು ಕೈಬಿಡುವುದು, ಆಮೇಲೆ 'ಅಪಾಯ' ಎಂದು ಬೋರ್ಡು ಹಾಕುವುದು, ಕೊನೆಗೆ ಜಾಗ ಖಾಲಿ ಮಾಡಿಸುವುದು.

ನಮ್ಮ ಗೆಳೆಯರಲ್ಲೇ ಕೆಲವರು, 'ಬಿದ್ರೆ ಬೀಳ್ಲಿ ಬಿಡಿ, ಅರಮನೆ ಗತ್ತು ನಮಗ್ಯಾಕೆ?' ಅಂತಾರೆ. ಈ ಸಿಟ್ಟು ನಮಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾಗುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಹಳೆ ಪುಸ್ತಕದ ಅಂಗಡಿಗಳಿದ್ದವು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ನಾವು ಅರ್ಧ ಬೆಲೆಗೆ ಪಠ್ಯಪುಸ್ತಕ ತಂದದ್ದು ಅಲ್ಲಿಂದ. ಇನ್ನೊಬ್ಬರ ಹೆಸರು ಬರೆದ ಆ ಪುಸ್ತಕ ಓದಿಯೇ ಪಾಸಾದೆವು. ವರ್ಷ ಮುಗಿದ ಮೇಲೆ ಅಲ್ಲಿಗೇ ಮಾರಿದೆವು. ವೈಸ್‌ರಾಯಿಯ ಹೆಸರಿನ ಕಟ್ಟಡವನ್ನು ನಮ್ಮ ಶಾಲೆ ಮಾಡಿಕೊಂಡವರು ನಾವು. ಮಾರುಕಟ್ಟೆಯಲ್ಲಿ ಎಂಟುನೂರರಷ್ಟು ಮಳಿಗೆ. ಆ ಲೆಕ್ಕಕ್ಕೆ ಸಿಗದೆ ನೆಲದ ಮೇಲೆ ಗೋಣಿಚೀಲ ಹಾಸಿ ಸೊಪ್ಪು, ನಿಂಬೆಹಣ್ಣು ಇಟ್ಟು ಕೂತವರನ್ನು ಯಾವ ವರದಿ ಎಣಿಸಿತು? ಪ್ರವಾಸಿಗರು ಕುಂಕುಮದ ರಾಶಿಯ ಫೋಟೋ ಹೊಡೆಯುತ್ತಾರೆ. ರಾಶಿಯ ಹಿಂದೆ ಕೂತವರ ಮುಖ ಫೋಟೋದಲ್ಲಿ ಬರುವುದಿಲ್ಲ.

ಹೊಸ ಕಾಂಪ್ಲೆಕ್ಸು ಎದ್ದರೆ ಠೇವಣಿ ಏರುತ್ತದೆ, ಹರಾಜು ನಡೆಯುತ್ತದೆ. ಹಣ ಇದ್ದವನು ಒಳಗೆ, ಗೋಣಿಚೀಲದವಳು ಬೀದಿಗೆ. ಅರಮನೆಯ ಹಾಗೆ ಬಣ್ಣ ಬಳಿದು, ದೀಪ ಹಚ್ಚಿ ಕಾಪಾಡಿದರೂ ಅವಳು ಬೀದಿಗೇ. ಆದ್ದರಿಂದ ಉಳಿಸಬೇಕೋ ಕೆಡವಬೇಕೋ ಎಂದಷ್ಟೇ ಕೇಳಿದರೆ ಸಾಲದು. ಯಾರಿಗಾಗಿ ಎಂದೂ ಕೇಳಬೇಕು.

ನಾವು ಹೇಳುವುದಿಷ್ಟೆ. ಕಟ್ಟಡ ಉಳಿಯಲಿ, ಗಾರೆ ಕೆಲಸ ಬಲ್ಲ ಕೈಗಳಿಗೆ ಸರಿಯಾದ ಕೂಲಿ ಕೊಟ್ಟು ಉಳಿಸಲಿ. ಕೂತವರು ಕೂತಲ್ಲೇ ಕೂರುವ ಹಕ್ಕು ಕಾಗದದ ಮೇಲೆ ಬರಲಿ. 2012ರಲ್ಲಿ ಸತ್ತ ನಾಲ್ವರ ಹೆಸರು ಬಾಗಿಲಲ್ಲೇ ಕೆತ್ತಲಿ. ಅಷ್ಟರವರೆಗೆ, ನಮ್ಮ ಶಾಲೆಗಳ ಮೇಷ್ಟ್ರುಗಳಾದರೂ ಪಾಠ ಹೇಳುವಾಗ ಆ ಒಂದು ಕ್ರಿಯಾಪದವನ್ನು ತಿದ್ದಲಿ: ಮಹಾರಾಜರು ಕಟ್ಟಿಸಿದರು, ನಮ್ಮವರು ಕಟ್ಟಿದರು.