ನೀರೇ ಅಳತೆಗೋಲು

ಸಿರುಗುಪ್ಪ, ಕುರುಗೋಡು ಕಡೆಯ ಗದ್ದೆ ನೋಡಿದವರು ಹಸಿರನ್ನು ಹೊಗಳುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಅದರ ಕೆಳಗಿನ ಸಮತಟ್ಟು ನೆಲ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಕೃಷ್ಣಾ-ಗೋದಾವರಿ ಬಯಲಿನ ತೆಲುಗು ರೈತರು ಅಲ್ಲಿನ ತುಂಡು ಹೊಲ ಮಾರಿ, ಪಡುವಣಕ್ಕೆ ಬಂದು ಇಲ್ಲಿ ಅಗ್ಗದ ಎರೆಭೂಮಿ ಕೊಂಡರು. ಅವರು ಇಲ್ಲಿ ನೆಲೆಸಿದ ಊರುಗಳಿಗೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು. ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದವರಿಗೆ ಅಲ್ಲಿನ ಸರ್ಕಾರದ 1862ರ ಕಾಯ್ದೆ 160 ಎಕರೆವರೆಗೆ ಭೂಮಿಯನ್ನು ಬೆಲೆಯಿಲ್ಲದೆ ಕೊಟ್ಟಿತ್ತು. ಈ ತೆಲುಗು ರೈತರು ದುಡ್ಡು ಕೊಟ್ಟೇ ಕೊಂಡರು, ಜೊತೆಗೆ ಕಸುಬನ್ನೂ ತಂದರು.

ಆ ಕಸುಬನ್ನು ಹತ್ತಿರದಿಂದ ನೋಡಬೇಕು. ಮೊದಲು ಮಡಿಗೆ ನೀರು ಬಿಡುತ್ತಾರೆ. ಮಣ್ಣು ತಲೆ ಎತ್ತಿದ್ದು ದಿಬ್ಬ, ನೀರು ಮೊಣಕಾಲು ಮುಟ್ಟಿದ್ದು ತಗ್ಗು. ಎತ್ತಿಗೆ ಕಟ್ಟಿದ ಹಲಗೆಯ ಮೇಲೆ ನಿಂತವನು ದಿಬ್ಬದಲ್ಲಿ ಮೈಭಾರ ಹಾಕಿ ಕೆಸರು ಎಳೆಯುತ್ತಿದ್ದ, ತಗ್ಗಿನಲ್ಲಿ ಹಗುರಾಗಿ ಬಿಡುತ್ತಿದ್ದ. ಈಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಬಂದಿದೆ. ಮೂಲೆ ತಿದ್ದಲು ಮಾತ್ರ ಇನ್ನೂ ಸಲಿಕೆಯೇ ಬೇಕು. ಅದರ ಬೆನ್ನಿಂದ ಬದುವಿಗೆ ಕೆಸರು ಮೆತ್ತಿ ಸವರಿದರೆ ಏಡಿ ಕೊರೆದ ತೂತೂ ಮುಚ್ಚುತ್ತದೆ. ಒಣಗಿದರೆ ಬಿರಿಯುವ, ನೆನೆದರೆ ಕಾಲು ಕಚ್ಚುವ ಎರೆಮಣ್ಣನ್ನು ಹೀಗೆ ಪಳಗಿಸುವುದು ಸುಮ್ಮನೆ ಮಾತಲ್ಲ.

ಈ ಸೀಮೆಗೆ ಗದ್ದೆ ಹೊಸದೇನಲ್ಲ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ಮೊದಲೇ ಇದ್ದವು. ಹೊಸಬರು ಭತ್ತವನ್ನು ಜೋಳ, ಹತ್ತಿಯ ಹೊಲಗಳಿಗೂ ಹಬ್ಬಿಸಿದರು. ಸೊಂಟ ಬಗ್ಗಿಸಿ ನಾಟಿ ಮಾಡಿದ ಹೆಣ್ಣುಮಕ್ಕಳ ಕೈಚಳಕವೂ ಅದರೊಳಗಿದೆ. ಸಿರುಗುಪ್ಪದ ಅಕ್ಕಿಗೆ ಬಂದ ಹೆಸರಿನಲ್ಲಿ ಎಲ್ಲರ ಪಾಲೂ ಇದೆ.