ಪದಬಂಧದ ಸುಳಿವು: ಒಂದು ಟಿಪ್ಪಣಿ

ಗ್ರೇಟರ್ ನೋಯ್ಡಾದ ನಮ್ಮ ಮನೆಯಲ್ಲಿ ಭಾನುವಾರ ಎರಡು ಪಂಗಡ. ಮಗನಿಗೆ ಇಂಗ್ಲಿಷ್ ಕ್ರಾಸ್‌ವರ್ಡ್, ನಮಗೆ ಕನ್ನಡ ಪದಬಂಧ. ನಾವು ಓದಿ ಹೇಳುವ ಸುಳಿವುಗಳನ್ನು ಕೇಳಿ, “ಇದು ನಿಘಂಟಿನ ಪರೀಕ್ಷೆ” ಎಂದು ಅವನು ಮೂಗು ಮುರಿಯುತ್ತಾನೆ.

ಅವನ ದೂರು ಪೂರ್ತಿ ಸುಳ್ಳಲ್ಲ. ‘ಸೂರ್ಯ (2)’ ಎಂದರೆ ರವಿಯೂ ಸರಿ, ಭಾನುವೂ ಸರಿ. ಅದನ್ನೇ ‘ಕೊನೆಯಿಲ್ಲದ ವಿರಹ ಹಿಂದಿರುಗಿದರೆ ಸೂರ್ಯ (2)’ ಎಂದು ಕೇಳಿ ನೋಡಿ. ‘ವಿರಹ’ದ ಕೊನೆಯ ‘ಹ’ ಬಿಟ್ಟು, ಉಳಿದದ್ದನ್ನು ತಿರುವಿ ಓದಿದರೆ ‘ರವಿ’. ಅರ್ಥವೂ ಒಪ್ಪಿತು, ಅಕ್ಷರವೂ ಒಪ್ಪಿತು, ಭಾನುವಿಗೆ ಜಾಗವಿಲ್ಲ. ಒಳ್ಳೆಯ ಸುಳಿವೆಂದರೆ ಇದು.

ಇಂಗ್ಲಿಷಿನಲ್ಲಿ ಸ್ವರ, ವ್ಯಂಜನಗಳು ಬೇರೆ ಬೇರೆ ಮನೆಯಲ್ಲಿ ಕೂರುತ್ತವೆ. ನಮ್ಮಲ್ಲಿ ಗುಣಿತಾಕ್ಷರ ಒಡೆಯುವುದಿಲ್ಲ. ಆದ್ದರಿಂದಲೇ ‘ನದಿ’ ತಿರುಗಿದರೆ ‘ದಿನ’, ‘ರಾಜ’ ತಿರುಗಿದರೆ ‘ಜರಾ’, ಅಂದರೆ ಮುಪ್ಪು! ಅ. ನ. ಪ್ರಹ್ಲಾದರಾಯರು ಸಾವಿರಾರು ಪದಬಂಧ ರಚಿಸಿದ ಭಾಷೆಯಲ್ಲಿ ಸಾಮಗ್ರಿಗೆ ಬಡತನವೆ?

ಇಲ್ಲಿನ ನಮ್ಮ ಎಷ್ಟೋ ಮಕ್ಕಳು ಕನ್ನಡ ಆಡಬಲ್ಲರು, ಓದಲಾರರು. ಸಮಾನಾರ್ಥಕ ಪದಗಳು ಅವರಿಗೆ ದೂರ. ಅಕ್ಷರದ ಆಟಕ್ಕೆ ಮನೆಮಾತೇ ಸಾಕು. ‘ನದಿ’ಯ ಚಮತ್ಕಾರ ಕೇಳಿದ ಮಗ, “ಎಲ್ಲಿ, ಬರೆದು ತೋರಿಸಿ” ಎಂದ. ಬರೆದೆವು. ಆ ಎರಡು ಅಕ್ಷರ ಅವನಿಗೀಗ ಗೊತ್ತು. ತಿಂಗಳಿಗೊಂದು ಇಂಥ ಪದಬಂಧವನ್ನು ನಮ್ಮ ಪತ್ರಿಕೆಯೂ ಕೊಡಬಾರದೇಕೆ?