ಕಿವಿಗಾಗಿ ಬರೆಯುವುದು

ಪ್ರಬಂಧದ ಬದಲು ಮಕ್ಕಳಿಂದ ಪಾಡ್‌ಕಾಸ್ಟ್ ಮಾಡಿಸಿ ಬರವಣಿಗೆ ಕಲಿಸುವ ಕ್ರಮಕ್ಕೆ ಈಗ ಪ್ರಚಾರ ಹೆಚ್ಚು. ಅಮೆರಿಕದ ಎನ್‌ಪಿಆರ್ ರೇಡಿಯೊ 2018ರಲ್ಲಿ ವಿದ್ಯಾರ್ಥಿಗಳಿಗೆಂದೇ ಇಂತಹ ಸ್ಪರ್ಧೆ ಘೋಷಿಸಿತು. ನಮಗೆ ಇದು ತೀರಾ ಹೊಸತೇನಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’, ಸಂಘಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿ ಸಿಕ್ಕ 2006ಕ್ಕೂ ಮೊದಲೇ, ಹಳ್ಳಿಯವರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಮುಟ್ಟಿಸುತ್ತಿತ್ತು.

ಆದರೆ ನಾವು ಯೋಚಿಸುತ್ತಿರುವುದು ಶಿವಾಜಿನಗರ, ಹಲಸೂರಿನ ತರಗತಿಗಳ ಬಗ್ಗೆ. 1949ರಲ್ಲಿ ಪೇಟೆಯೊಂದಿಗೆ ಒಂದೇ ಪಾಲಿಕೆಗೆ ಸೇರಿದ ಈ ದಂಡು ಪ್ರದೇಶದಲ್ಲಿ ದಖ್ಖನಿ, ತಮಿಳು, ತೆಲುಗು, ಕನ್ನಡ ಒಂದೇ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತವೆ. ಅಲ್ಲಿನ ಹುಡುಗ ಮಾತಿನಲ್ಲಿ ಯಾರಿಗೂ ಕಡಿಮೆಯಲ್ಲ. ‘ನನ್ನ ಮೆಚ್ಚಿನ ಹಬ್ಬ’ ಬರೆ ಎಂದರೆ ಮಾತ್ರ ಗೈಡು ನೋಡುತ್ತಾನೆ. ಅವನಿಗೇ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರದ ಬಗ್ಗೆ ನಾಲ್ಕು ನಿಮಿಷ ಧ್ವನಿಮುದ್ರಿಸಲು ಹೇಳಿ. ಯಾರನ್ನು ಏನು ಕೇಳಬೇಕು, ಕೇಳಿದ್ದರಲ್ಲಿ ಏನು ಉಳಿಸಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಅವನೇ ತೀರ್ಮಾನಿಸಬೇಕಾಗುತ್ತದೆ. ಬರೆದದ್ದನ್ನು ಓದುವಾಗ ಉಸಿರು ಕಟ್ಟಿದರೆ ವಾಕ್ಯ ಉದ್ದವಾಯಿತೆಂದು ತಾನೇ ತಿಳಿದು ತುಂಡರಿಸುತ್ತಾನೆ. ಮೇಷ್ಟರ ಕೆಂಪು ಶಾಯಿ ಇಷ್ಟು ಬೇಗ ಕಲಿಸಲಾರದು.

ಆದ್ದರಿಂದ ಕ್ರಮದ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಅಂಕ ಕೊಡುವ ರೀತಿಯಲ್ಲಿ. ಉರ್ದುವಿನಲ್ಲಿ ‘ಳ’ ಇಲ್ಲ. ಮನೆಯಲ್ಲಿ ದಖ್ಖನಿ ಆಡುವ ಮಗು ‘ಮಳೆ’ಯನ್ನು ‘ಮಲೆ’ ಎಂದರೆ ಅಂಕ ಕಳೆಯುವುದಾದರೆ, ಕಾಗುಣಿತಕ್ಕೆ ಒಮ್ಮೆ ಸೋತ ಮಗು ನಾಲಗೆಗೂ ಸೋಲುತ್ತದೆ. ಅಂತಹ ಮಗು ಮುಂದೆ ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಮನೆಮಾತಿನ ರಾಗ ಬಿಡಬೇಕೆಂದು ಯಾರೂ ಷರತ್ತು ಹಾಕಿರಲಿಲ್ಲ. ಆ ರಾಗವನ್ನು ಉಳಿಸಿಕೊಂಡ ಕಥೆಗಳಿಗೇ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು.

ಇನ್ನು, ಪಠ್ಯದ ಪ್ಯಾರಾವನ್ನು ಹಿನ್ನೆಲೆ ಸಂಗೀತ ಹಾಕಿ ಓದಿಸುವವರೂ ಇದ್ದಾರೆ. ಅದು ಹಳೆಯ ಕಂಠಪಾಠವೇ, ಸ್ವಲ್ಪ ಖರ್ಚು ಜಾಸ್ತಿ.

ಮೊಬೈಲು ಎಲ್ಲರ ಮನೆಯಲ್ಲಿದೆ ಎಂಬ ವಾದ ಅರ್ಧ ಸತ್ಯ. ಅದು ಆಟೋ ಓಡಿಸುವ ತಂದೆಯ ಜೇಬಿನಲ್ಲಿದ್ದು, ರಾತ್ರಿ ಹತ್ತಕ್ಕೆ ಮನೆಗೆ ಬರುತ್ತದೆ. ಹೆಣ್ಣುಮಗಳ ದನಿ ವಾಟ್ಸಾಪಿನಲ್ಲಿ ಎಲ್ಲೆಲ್ಲಿಗೆ ಹೋದೀತೆಂಬ ತಾಯಿಯ ಅಂಜಿಕೆಯನ್ನೂ ನಾವು ನಗೆಯಾಡಲಾರೆವು. ಶಾಲೆಯದೇ ಒಂದು ಫೋನು, ತರಗತಿಯೊಳಗೇ ಕೇಳಿಸುವ ಕಟ್ಟುಪಾಡು, ಜೊತೆಗೆ ಕೈಬರಹದ ಕರಡು: ಆರಂಭಕ್ಕೆ ಇಷ್ಟು ಸಾಕು.